ಬಾಗಿಲು ಹಿಡಿದು ನಿಂತ ಗಂಗವ್ವ

ಆ ವರ್ಷ ಎಂಬತ್ನಾಲ್ಕೋ ಎಂಬತ್ತೈದೋ, ಈಗ ಖಚಿತವಾಗಿ ಹೇಳಲಾರೆ. ನಾನೂ ಲಲಿತಳೂ ಬಿ.ಎ. ಕೊನೆಯ ವರ್ಷದಲ್ಲಿದ್ದೆವು ಎನ್ನುವುದು ಸರಿ. ಮಿಕ್ಕದ್ದರಲ್ಲಿ ಕೆಲವನ್ನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಡೈರಿ ಬರೆಯುವ ಅಭ್ಯಾಸ ಆಗಲೇ ಇತ್ತು, ಹಾಗಾಗಿ ನನ್ನ ನೆನಪು ಬೇರೆಯವರದ್ದಕ್ಕಿಂತ ಭದ್ರ ಎಂದು ಬಹಳ ಕಾಲ ನಂಬಿದ್ದೆ. ಈಗ ಆ ದಿನಗಳ ಪುಟ ತೆಗೆದರೆ ಇರುವುದು "ಮಳೆ. ಬಟ್ಟೆ ಒಣಗಲಿಲ್ಲ", "ಗುಬ್ಬಿಗೆ ಹೋಗಿ ಬಂದೆವು", ಇಷ್ಟೇ. ಇಪ್ಪತ್ತರ ಹುಡುಗಿ ತನಗೆ ಹಿಡಿಸದ್ದನ್ನು ಬರೆದಿಡುವುದಿಲ್ಲ.

ಕಳೆದ ತಿಂಗಳು ಗುಬ್ಬಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರು ಕೂತು ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜುತ್ತಿದ್ದರು. ಚೌಕಾಬಾರ ಆಡುವುದಕ್ಕೆ. ಬೀಜದ ಒಂದು ಮಗ್ಗುಲಿನ ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುವವರೆಗೆ ಉಜ್ಜಬೇಕು. ಉಜ್ಜಿದಷ್ಟೂ ಬೀಜ ಕಾಯುತ್ತದೆ, ಕೂದಲು ಸುಟ್ಟಂಥ ಒಂದು ವಾಸನೆ ಏಳುತ್ತದೆ. ಒಬ್ಬಳು ಕಾದ ಬೀಜವನ್ನು ಇನ್ನೊಬ್ಬಳ ತೋಳಿಗೆ ಒತ್ತಿದಳು. "ಅಯ್ಯಮ್ಮಾ, ಚುರ್ರಂತು ಕಣೇ!" ಎಂದು ಅವಳು ಕಿರುಚಿ, ಆಮೇಲೆ ನಕ್ಕಳು. ನನ್ನ ಎಡತೋಳಿನಲ್ಲಿ, ಮೊಣಕೈಗಿಂತ ಸ್ವಲ್ಪ ಮೇಲೆ, ಅದೇ ಚುರುಕು ಎದ್ದಿತು. ಲಲಿತ ಯಾವಾಗಲೂ ಅಲ್ಲೇ ಒತ್ತುತ್ತಿದ್ದದ್ದು.

ನಮ್ಮೂರು ಕೋರ. ಕಾಲೇಜು ಹತ್ತಿರವಾಗುತ್ತದೆಂದು ಅಪ್ಪ ನನ್ನನ್ನು ತುಮಕೂರಿನ ಬಟವಾಡಿಯಲ್ಲಿದ್ದ ದೊಡ್ಡಪ್ಪನ ಬಾಡಿಗೆ ಮನೆಯಲ್ಲಿ ಬಿಟ್ಟಿದ್ದರು. ಲಲಿತ ದೊಡ್ಡಪ್ಪನ ಒಬ್ಬಳೇ ಮಗಳು, ನನಗಿಂತ ಕೆಲವೇ ತಿಂಗಳಿಗೆ ದೊಡ್ಡವಳು. ಒಂದೇ ಕ್ಲಾಸು, ಒಂದೇ ಹಾಸಿಗೆ, ಒಂದೇ ಛತ್ರಿ. ಅವಳು ಬೀದಿ ನಲ್ಲಿಯಿಂದ ಎರಡು ಕೊಡ ನೀರನ್ನು ಒಟ್ಟಿಗೆ ತರುವವಳು. ಸಿಟಿ ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರ್ ಎದುರು ಕೈ ಚಾಚಿ ನಿಂತು, ಬಸ್ಸು ಹೊರಡದಂತೆ ಮಾಡಿದವಳು. ನನಗೆ ಚಿಕ್ಕಂದಿನಿಂದ ಉಬ್ಬಸ. ಮೋಡ ಕವಿದರೆ ಸಾಕು, ಎದೆಯಲ್ಲಿ ಸಿಳ್ಳೆ. "ವಸೂಗೆ ಆಗಲ್ಲ ಬಿಡು, ಲಲಿತಾ ಮಾಡ್ತಾಳೆ" ಎನ್ನುವುದು ಆ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳುವ ಮಾತು. ಯಾರೂ ಅದನ್ನು ಅನ್ಯಾಯವೆಂದು ಹೇಳುತ್ತಿರಲಿಲ್ಲ, ಲಲಿತಳೂ ಸೇರಿ.

ದೊಡ್ಡಮ್ಮನ ತಮ್ಮ ಮಂಜಣ್ಣ ಮಾಮ ಗುಬ್ಬಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ವಯಸ್ಸಿನಲ್ಲಿ ಒಂದು ನಾಟಕ ಕಂಪನಿಯ ಜೊತೆ ಊರೂರು ತಿರುಗಿದವನು. ಬಣ್ಣ ಹಚ್ಚಿದವನಲ್ಲ, ಪಕ್ಕದ ಪರದೆಯ ಹಿಂದೆ ನಿಂತು, ಮಾತು ಮರೆತ ನಟರಿಗೆ ಸಣ್ಣ ದನಿಯಲ್ಲಿ ಮುಂದಿನ ಸಾಲು ಕೊಡುವುದು ಅವನ ಕೆಲಸ. ರಾಜನ ಮಾತು, ರಾಕ್ಷಸನ ಮಾತು, ದಾಸಿಯ ಮಾತು ಎಲ್ಲ ಅವನಿಗೆ ಬಾಯಿಪಾಠ. ಯಾವುದನ್ನೂ ಗಟ್ಟಿಯಾಗಿ ಹೇಳುವ ಅವಕಾಶ ಬಂದಿರಲಿಲ್ಲ.

ಆ ಜೂನ್‌ನಲ್ಲಿ ಸೈಕಲ್ ಸಾಮಾನು ತರಲು ಬೆಂಗಳೂರಿಗೆ ಹೋದ ಮಾಮ ಫುಟ್‌ಪಾತಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಕೊಂಡು ತಂದ. ಮುಖಪುಟ ಅರ್ಧ ಹರಿದಿತ್ತು, ಉಳಿದ ಅರ್ಧದಲ್ಲಿ ರೆಕ್ಕೆಯ ಹಾವೊಂದು ಬೆಂಕಿ ಉಗುಳುತ್ತಿತ್ತು. "ನಾಟಕ ಇರ್ಬೇಕು ಕಣಮ್ಮ, ಓದಿ ಹೇಳು" ಎಂದು ನನ್ನ ಕೈಗೆ ಕೊಟ್ಟ. ಓದಿದರೆ ನಾಟಕವಲ್ಲ, ಆಟ. ಹಾಸು ಇಲ್ಲ, ಕಾಯಿ ಇಲ್ಲ, ಗೆದ್ದವರು ಸೋತವರು ಅಂತಲೂ ಇಲ್ಲ. ಒಬ್ಬರು ಕಥೆ ನಡೆಸುವುದು. ಮಿಕ್ಕವರು ತಲೆಗೊಂದು ಪಾತ್ರವಾಗುವುದು. ಯಾರಿಗೆ ಎಷ್ಟು ಬಲ, ಎಷ್ಟು ಏಟು ತಾಳುತ್ತಾರೆ ಎಂಬುದಕ್ಕೆ ಲೆಕ್ಕ. ಗುಹೆಯೊಳಗೆ ಹೋಗುತ್ತೀರೋ ಹಿಂದಿರುಗುತ್ತೀರೋ ಎಂದು ಕಥೆಯವನು ಕೇಳುತ್ತಾನೆ. ನೀವು ಹೇಳುತ್ತೀರಿ, ಆದದ್ದನ್ನು ದಾಳ ಹೇಳುತ್ತದೆ.

ಮಾಮ ಪುಸ್ತಕ ವಾಪಸ್ ಇಸಕೊಂಡು ಹಾವಿನ ಚಿತ್ರದ ಮೇಲೆ ಬೆರಳಾಡಿಸಿದ. "ಹಂಗಾದ್ರೆ ಮಾತೇ ಬರೀದಿರೋ ನಾಟಕ ಅನ್ನು" ಎಂದ. ಅವನ ಮುಖದಲ್ಲಿ ಅಂಥ ಆಸೆಯನ್ನು ನಾನು ಮತ್ತೆ ಕಂಡಿಲ್ಲ.

ಪುಸ್ತಕ ಕೇಳುವ ಹಲವು ಮುಖದ ದಾಳಗಳು ಗುಬ್ಬಿಯಲ್ಲೆಲ್ಲಿ ಸಿಗಬೇಕು? ಲಲಿತ ಆರು ಹುಣಸೆ ಬೀಜ ಉಜ್ಜಿ ತಂದಳು. ಎಸೆದಾಗ ಬಿಳಿ ಮೇಲಾಗಿ ಬಿದ್ದವನ್ನು ಎಣಿಸುವುದು. ಬಿಳಿ ಹೆಚ್ಚಾದರೆ ಗೆಲುವು, ಕಡಿಮೆಯಾದರೆ ಏಟು, ಆರೂ ಕಂದಾಗಿ ಬಿದ್ದರೆ ಪಾತ್ರ ಸತ್ತಂತೆ. ಭಾನುವಾರ ಬೆಳಗಿನ ಪ್ಯಾಸೆಂಜರ್ ಗಾಡಿಗೆ ನಾವಿಬ್ಬರೂ ಗುಬ್ಬಿಗೆ ಹೋಗುತ್ತಿದ್ದೆವು. ಅಂಗಡಿಯ ಹಿಂದಿನ ಕೋಣೆಯಲ್ಲಿ, ತಗಡಿನ ಮೇಲೆ ಮಳೆ ಸುರಿಯುತ್ತಿರುವಾಗ, ರಬ್ಬರ್ ಟ್ಯೂಬು ಮತ್ತು ಗ್ರೀಸಿನ ವಾಸನೆಯ ನಡುವೆ, ಮೊರ ಬೋರಲು ಹಾಕಿ ಅದರ ಮೇಲೆ ಬೀಜ ಎಸೆಯುವುದು. ಪಕ್ಕದ ಬಳೆ ಅಂಗಡಿಯವರ ಮಗಳು ಶಮೀಮ್ ಮೂರನೆಯವಳಾಗಿ ಸೇರಿಕೊಂಡಳು. ಅವಳದು ಗಾಯ ವಾಸಿಮಾಡುವ ಹಕೀಮಳ ಪಾತ್ರ. "ನಮ್ಮಜ್ಜನ ಕಷಾಯ ಕುಡಿಸಿದ್ರೆ ನಿಮ್ ರಾಕ್ಷಸನೂ ಊರು ಬಿಡ್ತಾನೆ ಮಂಜಣ್ಣ" ಎನ್ನುತ್ತಿದ್ದಳು.

ಲಲಿತ ಕತ್ತಿ ಹಿಡಿದ ಹೆಂಗಸಾದಳು. ಹೆಸರು ಗಂಗವ್ವ. ಬಟವಾಡಿಯ ನಲ್ಲಿ ಹತ್ತಿರ ಎಲ್ಲರ ಕೊಡ ಸರಿಸಿ ತನ್ನದಿಡುವ ಒಬ್ಬ ಹೆಂಗಸಿನ ಹೆಸರದು. "ಅಂಥವಳೇ ಬೇಕು ಕಣೇ ಯುದ್ಧಕ್ಕೆ" ಎಂದಳು. ನಾನು ಮಂತ್ರಗಾತಿ. ಪುಸ್ತಕದಲ್ಲಿ ಮಂತ್ರಗಾತಿಯ ವಿಷಯವನ್ನು ಓದಿ ಹೇಳಿದ್ದು ಇವತ್ತಿಗೂ ನೆನಪಿದೆ, ಇದು ತಪ್ಪಿರಲಾರದು. ಮಂತ್ರಗಾತಿ ಮೊದಮೊದಲು ತೀರಾ ದುರ್ಬಲೆ. ಒಂದು ಏಟು ಬಿದ್ದರೆ ಮುಗಿಯಿತು. ದಿನಕ್ಕೊಂದೇ ಮಂತ್ರ ಅವಳಿಗೆ. ಆದ್ದರಿಂದ ಕತ್ತಿಯವರು ಮುಂದೆ ನಿಂತು ಏಟು ತಿನ್ನಬೇಕು, ಅವಳು ಹಿಂದೆ ಅಡಗಿರಬೇಕು. ಹಾಗೆ ಬದುಕಿ ಬಂದರೆ ಅವಳು ಬೆಳೆಯುತ್ತಾಳೆ, ಒಂದು ಹಂತ ದಾಟಿದ ಮೇಲೆ ಕತ್ತಿಯವರೆಲ್ಲ ಸೇರಿದರೂ ಅವಳಿಗೆ ಸಮನಾಗುವುದಿಲ್ಲ.

"ಇದ್ಯಾವ ನ್ಯಾಯ?" ಎಂದ ಮಾಮ. "ಏಟು ತಿಂದೋರು ಒಬ್ರು, ದೊಡ್ಡೋರಾಗೋರು ಇನ್ನೊಬ್ರು."

"ಇರ್ಲಿ ಬುಡು ಮಾಮ" ಎಂದಳು ಲಲಿತ. "ನಮ್ ವಸು ದೊಡ್ಡೋಳಾದ್ಮೇಲೆ ನನ್ನ ಮರ್ತ್‌ಬುಡ್ತಾಳಾ? ಏನ್ಲೇ?"

"ಮರೀತೀನಾ" ಎಂದೆ. ಎಲ್ಲರೂ ನಕ್ಕೆವು.

ಜುಲೈ ತಿಂಗಳೆಲ್ಲ ಗಂಗವ್ವ ಬೆಳೆದಳು. ಪ್ರತಿ ಗೆಲುವಿಗೂ ಅವಳ ಬಲ ಏರುತ್ತಿತ್ತು. ಮಾಮ ಒಂದು ವಿಷಯ ಬೇಗ ಕಂಡುಕೊಂಡ: ಅವಳ ಬಲ ಏರಿದಷ್ಟೂ ಎದುರಿಗೆ ಬರುವವನ ಬಲವನ್ನೂ ಏರಿಸಬೇಕು. ಮೊದಲು ಕಾಡುಹಂದಿ, ಆಮೇಲೆ ಕಳ್ಳರ ಗುಂಪು, ಆಮೇಲೆ ಎರಡು ತಲೆಯ ಹಾವು.

"ನಾನು ಸಂಪಾದ್ಸಿದ್ದೆಲ್ಲ ದೊಡ್ಡ ರಾಕ್ಷಸಂಗೇ ಹೋಗೋದಾದ್ರೆ ಯಾಕ್ ಸಂಪಾದ್ಸ್ಬೇಕು?" ಎಂದು ಲಲಿತ ಒಮ್ಮೆ ಕೇಳಿದಳು.

"ಭೀಮನ ಎದುರಿಗೆ ಬಕಾಸುರನ್ನೇ ಕಳಿಸ್ಬೇಕು ಕಣಮ್ಮ. ಇಲಿ ಕಳಿಸಿದ್ರೆ ಜನ ಬಾಡಿಗೆ ಕುರ್ಚಿ ಎತ್ತಿ ಹೊಡೀತಾರೆ" ಎಂದ ಮಾಮ. ಅವನ ಮಾತು ಸರಿಯೇ. ಅಪಾಯವಿಲ್ಲದ ಬಲಕ್ಕೆ ರುಚಿಯಿಲ್ಲ. ಆದರೆ ನಾವು ಮಿಕ್ಕವರು ಆ ಅಪಾಯವನ್ನು ಅವಳ ಬೆನ್ನ ಹಿಂದಿನಿಂದ ನೋಡುತ್ತಿದ್ದೆವು. ಬಾಗಿಲು ಕಂಡರೆ "ಮುಂದೆ ನೀನು ಹೋಗೇ, ನೀನು ಗಟ್ಟಿ" ಎನ್ನುವುದು ನನಗೆ ಎಷ್ಟು ರೂಢಿಯಾಯಿತೆಂದರೆ ಮಾಮ ಬಾಗಿಲಿನ ವರ್ಣನೆ ಮುಗಿಸುವ ಮೊದಲೇ ಹೇಳಿಬಿಡುತ್ತಿದ್ದೆ.

ಎರಡು ತಲೆಯ ಹಾವಿನ ದಿನ ನಡೆದದ್ದು ಹೀಗೆ. ಹಾವು ಗಂಗವ್ವನ ಸೊಂಟ ಸುತ್ತಿತ್ತು. ಮಾಮ ಬೀಜ ಎಸೆದ, ಬಿದ್ದ ಕೂಡಲೇ ಅಂಗೈಯಿಂದ ಮುಚ್ಚಿದ.

"ಆಯ್ತು ಬುಡು, ತಪ್ಪಿಸ್ಕೊಂಡ್ಲು."

"ಕೈ ತೆಗಿ ಮಾಮ" ಎಂದಳು ಲಲಿತ.

"ತಪ್ಪಿಸ್ಕೊಂಡ್ಲು ಅಂದ್ನಲ್ಲಮ್ಮ."

"ಸತ್ರೆ ಸಾಯ್ಲಿ. ಸುಳ್ಳು ಸುಳ್ಳೇ ಬದುಕ್ಸಿದ್ರೆ ಅವಳ ಬಲ ಯಾವ ಸೀಮೆ ಬಲ? ತೆಗಿ ಅಂದೆ."

ಮಾಮ ಕೈ ತೆಗೆದ. ಐದು ಕಂದು, ಒಂದು ಬಿಳಿ. ಕೂದಲೆಳೆಯಲ್ಲಿ ಬದುಕಿದ್ದಳು. ಶಮೀಮ್ ಉಸಿರು ಬಿಟ್ಟು "ಯಾ ಅಲ್ಲಾ, ಕಷಾಯ ಕಾಯ್ಸ್ತೀನಿ ತಡಿ" ಎಂದಳು. ನನ್ನ ಮಂತ್ರಗಾತಿಗಾಗಿ ಮಾಮ ಹಾಗೆ ಎಷ್ಟೋ ಸಲ ಕೈ ಮುಚ್ಚಿದ್ದ. ಕೈ ತೆಗಿ ಎಂದು ನಾನು ಒಂದು ಸಲವೂ ಹೇಳಿರಲಿಲ್ಲ.

ಕೊನೆಯ ಆಟ ಸೆಪ್ಟೆಂಬರಿನಲ್ಲಿರಬೇಕು, ಗಣಪತಿ ಬಿಟ್ಟ ಮೇಲೆ. ಗುಹೆಯ ಒಳಕೋಣೆಯಲ್ಲಿ ನಮಗೆ ಬೇಕಾದ ಮಂತ್ರದ ಗ್ರಂಥ ಸಿಕ್ಕಿತ್ತು, ಅದು ನನ್ನ ಪಾತ್ರದ ಪಾಲು. ಹೊರಗೆ ಓಡುವಾಗ ಹಿಂದಿನಿಂದ ಪಿಶಾಚಿಗಳು ಬಂದವು. ಕಲ್ಲಿನ ಬಾಗಿಲು ಒಂದಿತ್ತು. ಯಾರಾದರೂ ಒಳಗಿನಿಂದ ಒತ್ತಿ ಹಿಡಿದರೆ ಮಿಕ್ಕವರು ಪಾರು. ಯಾರು ಹಿಡಿಯಬೇಕೆಂದು ಮಾಮ ಕೇಳಲೂ ಇಲ್ಲ. ಲಲಿತ ಎದ್ದು ನಿಂತು, ಕೋಣೆಯ ಬಾಗಿಲಿಗೆ ನಿಜವಾಗಿಯೇ ಬೆನ್ನು ಕೊಟ್ಟು, "ಓಡ್ರೇ!" ಎಂದಳು. ನಾನೂ ಶಮೀಮಳೂ ಓಡಿದೆವು, ಅಂದರೆ ಓಡಿದೆವೆಂದು ಹೇಳಿದೆವು. ಮಾಮ ಬೀಜಗಳನ್ನು ಮುಷ್ಟಿಯಲ್ಲಿ ಕುಲುಕುತ್ತಿದ್ದ. ಅಷ್ಟರಲ್ಲಿ ಆ ಬಾಗಿಲನ್ನೇ ಹೊರಗಿನಿಂದ ಯಾರೋ ತಟ್ಟಿದರು. ದೊಡ್ಡಪ್ಪ. ತಲೆಯ ಮೇಲೆ ಟವೆಲ್, ಪ್ಯಾಂಟು ಮೊಣಕಾಲಿನವರೆಗೆ ನೆನೆದಿತ್ತು.

"ಕುಣಿಗಲ್ ಅಕ್ಕಂಗೆ ಲಕ್ವ ಹೊಡೆದದೆ. ನಡೀರಿ" ಎಂದರು.

ಬೀಜ ಬೀಳಲೇ ಇಲ್ಲ.

ಕುಣಿಗಲ್ ಅತ್ತೆ ಎಂದರೆ ಅಪ್ಪ ಮತ್ತು ದೊಡ್ಡಪ್ಪನ ಅಕ್ಕ ಜಯಮ್ಮತ್ತೆ. ಗಂಡ ತೀರಿಕೊಂಡು ಕೆರೆಯ ಕಡೆಯ ಬೀದಿಯಲ್ಲಿ ಒಬ್ಬಳೇ ಇದ್ದಳು, ಮಕ್ಕಳಿಲ್ಲ. ಬೇಸಿಗೆ ರಜಕ್ಕೆಲ್ಲ ನಾವಿಬ್ಬರೂ ಅವಳ ಮನೆಯಲ್ಲೇ ಬೆಳೆದದ್ದು. ಬಲಗೈ ಬಲಗಾಲು ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಊರು ಬಿಟ್ಟು ಬರುವುದಿಲ್ಲ ಎಂದು ಮಾತ್ರ ಸ್ಪಷ್ಟವಾಗಿ ಹೇಳಿದಳಂತೆ. ಯಾರಾದರೂ ಹೋಗಿ ಇರಬೇಕು. ನನ್ನಮ್ಮನಿಗೆ ಹೊಲ, ದನ. ದೊಡ್ಡಮ್ಮನಿಗೆ ಆಗಷ್ಟೇ ಆಪರೇಷನ್ ಆಗಿತ್ತು. ಉಳಿದವರು ನಾವಿಬ್ಬರು, ಸೊಸೆಯರು. ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು, ಆದರೆ ಕ್ಲಾಸು ತಪ್ಪಿದರೆ ಹಾಜರಾತಿ ಸಿಗುವುದಿಲ್ಲ, ಹಾಜರಾತಿಯಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಹೋದವಳ ವರ್ಷ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಬಟವಾಡಿಯ ನಡುಮನೆ. ಅಪ್ಪ ಕೋರದಿಂದ ಬಂದು ಕಂಬಕ್ಕೊರಗಿ ಕೂತಿದ್ದರು. ದೊಡ್ಡಪ್ಪ ಕಾಫಿ ಲೋಟ ಹಿಡಿದು ಕುಡಿಯದೆ ಕೂತಿದ್ದರು. ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ. ಲಲಿತ ಒದ್ದೆ ಬಟ್ಟೆ ಹಿಂಡುತ್ತಾ ಹಿತ್ತಿಲ ಬಾಗಿಲಲ್ಲಿ. ನಾನು ಹಾಸಿಗೆಯ ಸುರುಳಿಯ ಮೇಲೆ. ಇಲ್ಲಿಯವರೆಗೆ ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಒಂದು ಮಾತು ಬಂತು: "ಲಲಿತಾ ಹೋಗ್ಲಿ. ಅವಳು ಗಟ್ಟಿಗಿತ್ತಿ."

ಯಾರು ಹೇಳಿದ್ದು?

ಒಂದು ನೆನಪಿನಲ್ಲಿ ಅದು ದೊಡ್ಡಮ್ಮನ ದನಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. ತಾಯಿಯಾದವಳು ತನ್ನ ಮಗಳನ್ನೇ ಮುಂದೆ ಮಾಡಿ, ಮನೆಗೆ ಬಂದ ಮೈದುನನ ಮಗಳನ್ನು ಉಳಿಸುವುದು ಅವಳ ಸ್ವಭಾವಕ್ಕೆ ಒಪ್ಪುವಂಥದ್ದೇ. ಬಹಳ ವರ್ಷ ನಾನು ಈ ನೆನಪಿನ ಜೊತೆಗೇ ಇದ್ದೆ. ಇನ್ನೊಂದು ನೆನಪು ಆಮೇಲೆ ಬಂದದ್ದು, ಅಥವಾ ಮೊದಲೇ ಇದ್ದು ನಾನು ನೋಡದೆ ಬಿಟ್ಟದ್ದು. ಅದರಲ್ಲಿ ಆ ದನಿ ನನ್ನದು. ಬಾಗಿಲು ಕಂಡ ಕೂಡಲೇ ಹೇಳುತ್ತಿದ್ದ ಅದೇ ರೂಢಿಯ ದನಿ. ನಾನು ಕೆಮ್ಮಿದ್ದು ಮಾತ್ರ ಎರಡು ನೆನಪಿನಲ್ಲೂ ಇದೆ. ಮಳೆಗಾಲ, ಉಬ್ಬಸ, ಕೆಮ್ಮು ಬರುವುದು ಸಹಜ. ಅದು ಬಂದ ಕೆಮ್ಮೋ ತಂದುಕೊಂಡ ಕೆಮ್ಮೋ, ಕೆಮ್ಮಿದವಳಿಗೇ ಗೊತ್ತಿಲ್ಲ.

ಮಾತು ಬಂದ ಮೇಲೆ ಮನೆಯಲ್ಲಿ ಎಲ್ಲರ ಭುಜ ಇಳಿಯಿತು. ಅದನ್ನು ಕಂಡಿದ್ದೇನೆ. ಅಪ್ಪ ತಲೆಯಾಡಿಸಿದರು, ದೊಡ್ಡಪ್ಪ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. ಲಲಿತ ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನನ್ನ ಕಡೆ ನೋಡಿದಳು.

"ಬಾಗ್ಲು ನಾನೇ ತಾನೇ ಹಿಡ್ಯೋದು" ಎಂದಳು. ನಗುತ್ತಿದ್ದಳು. ಉಳಿದವರಿಗೆ ಅರ್ಥವಾಗಲಿಲ್ಲ. ನನಗಾಯಿತು, ನಾನೂ ನಕ್ಕೆ. ಅಷ್ಟು ಹೊತ್ತಿಗೆ ಕೆಮ್ಮು ನಿಂತಿತ್ತು.

ಡಿಸೆಂಬರಿನಲ್ಲಿ ಕುಣಿಗಲ್ಲಿಗೆ ಹೋದೆ. ಕೆರೆ ತುಂಬಿತ್ತು, ಗಾಳಿ ತಣ್ಣಗಿತ್ತು. ಲಲಿತ ಅತ್ತೆಯ ಕಂಕುಳಿಗೆ ಕೈ ಕೊಟ್ಟು ಮಗುವಿನ ಹಾಗೆ ಎತ್ತಿ ಕೂರಿಸುತ್ತಿದ್ದಳು. ಅಂಗೈ ಸೋಪಿನ ನೀರಿಗೆ ಬಿರಿದಿತ್ತು. ಅತ್ತೆ ಸಿಟ್ಟಿನಲ್ಲಿ ಎಡಗೈಯಿಂದ ಗಂಜಿ ಬಟ್ಟಲನ್ನು ದಬ್ಬಿದರೆ ಲಲಿತ, "ನಿನ್ ಬಲ ಇಳಿದ್ರೂ ಜಗಳದ ಬಲ ಏರ್ತಾ ಇದೆ ನೋಡತ್ತೆ" ಎಂದು ನೆಲ ಒರೆಸಿದಳು. ಅತ್ತೆಯ ಅರ್ಧ ಮುಖ ನಕ್ಕಿತು. ಲಲಿತಳ ಕಾಲೇಜು ಪುಸ್ತಕಗಳು ಗೂಡಿನಲ್ಲಿ ಸಾಲಾಗಿದ್ದವು, ಮೇಲೆ ಒಂದು ಬಟ್ಟೆ ಹೊದಿಸಿದ್ದಳು. ನಾನು ಅಲ್ಲಿಯವರೆಗಿನ ಕ್ಲಾಸಿನ ನೋಟ್ಸ್ ತೋರಿಸಿದೆ. ಸ್ವಲ್ಪ ತಿರುವಿ ನೋಡಿ ವಾಪಸ್ ಕೊಟ್ಟಳು.

"ಗಂಗವ್ವನ್ನ ಅಲ್ಲೇ ಬುಟ್‌ಬಂದ್ರಲ್ಲೇ" ಎಂದಳು. "ಬದುಕವ್ಳೋ ಸತ್ತವ್ಳೋ ಅಂತ ಮಾಮನಾದ್ರೂ ಹೇಳಿದ್ನಾ?"

"ಬೀಜ ಎಸೀಲೇ ಇಲ್ವಲ್ಲ. ಬೇಸಿಗೇಲಿ ಬರ್ತೀವಿ, ಆಟ ಮುಗಿಸೋಣ" ಎಂದೆ.

ಬೇಸಿಗೆಯಲ್ಲಿ ಪರೀಕ್ಷೆ. ಆಮೇಲೆ ರಿಸಲ್ಟು, ಆಮೇಲೆ ಮೈಸೂರಿನಲ್ಲಿ ಎಂ.ಎ. ಸೀಟು, ಆಮೇಲೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಶಮೀಮ್ ಮದುವೆಯಾಗಿ ಹಾಸನದ ಕಡೆ ಹೋದಳು. ಮಾಮ ಬಹಳ ದಿನ ಆ ಬೀಜಗಳನ್ನು ಅಂಗಡಿಯ ಗಲ್ಲಾದಲ್ಲಿ ಇಟ್ಟುಕೊಂಡಿದ್ದ, ನಾನು ಹೋದಾಗೆಲ್ಲ "ಎಸೀಲಾ?" ಎಂದು ಕೇಳುತ್ತಿದ್ದ. "ಲಲಿತಾ ಬರ್ಲಿ ಮಾಮ" ಎನ್ನುತ್ತಿದ್ದೆ. ಅತ್ತೆ ಯಾರೂ ಎಣಿಸಿದ್ದಕ್ಕಿಂತ ಹೆಚ್ಚು ವರ್ಷ ಬದುಕಿದಳು. ಲಲಿತ ಡಿಗ್ರಿ ಮುಗಿಸಲಿಲ್ಲ. ಕುಣಿಗಲ್ಲಿನಲ್ಲೇ ಅಂಗನವಾಡಿ ಸೇರಿದಳು, ಅಲ್ಲೇ ಮದುವೆಯಾದಳು, ಇಬ್ಬರು ಮಕ್ಕಳು. ಅವಳ ಬಾಳು ಹಾಳಾಯಿತು ಎಂದು ನಾನು ಬರೆದರೆ ಅದು ಅವಳಿಗೆ ಅವಮಾನ. ಅವಳ ಮನೆಯಲ್ಲಿ ನನ್ನ ಮನೆಗಿಂತ ನಗು ಹೆಚ್ಚು. ಆದರೂ ನಾನು ಪಾಠ ಮಾಡಿದ ಅಷ್ಟೂ ವರ್ಷ, ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ಕೂರಲಾಗದ ಹುಡುಗಿ ಯಾರಾದರೂ ನನ್ನ ಮೇಜಿನ ಮುಂದೆ ನಿಂತರೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಗುಬ್ಬಿಯ ಆ ಗೃಹಪ್ರವೇಶದಿಂದ ನಾನು ಮನೆಗೆ ಹೋಗಲಿಲ್ಲ. ಹುಡುಗಿಯರ ಹತ್ತಿರ ಆರು ಬೀಜ ಕೇಳಿ ಇಸಕೊಂಡು, ತುಮಕೂರಿಗೆ ಬಂದು ಕುಣಿಗಲ್ ಬಸ್ಸು ಹತ್ತಿದೆ. ಅಪ್ಪ, ದೊಡ್ಡಪ್ಪ, ದೊಡ್ಡಮ್ಮ, ಮಾಮ ಯಾರೂ ಈಗಿಲ್ಲ. ಆ ನಡುಮನೆಯಲ್ಲಿದ್ದವರಲ್ಲಿ ಉಳಿದಿರುವುದು ನಾವಿಬ್ಬರೇ.

ಲಲಿತ ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಮಂಡಿ ನೋವಂತೆ. ನನ್ನನ್ನು ಕಂಡು "ಏನ್ಲೇ, ಫೋನ್ ಮಾಡ್ದೆ ಬಂದ್ಬುಟ್ಟೆ? ಮಂತ್ರ ಹಾಕ್ಕೊಂಡು ಹಾರ್ಕೊಂಡ್ ಬಂದ್ಯಾ?" ಎಂದಳು. ನಾನು ಬೀಜಗಳನ್ನು ಅವಳ ಮುಂದೆ ಇಟ್ಟೆ. ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಉಜ್ಜಿದ್ದು ಸಾಲದು ಎಂದು ಮೂಗು ಮುರಿದಳು. ಪಕ್ಕದ ಬಟ್ಟೆ ಒಗೆಯುವ ಕಲ್ಲಿಗೆ ಹಚ್ಚಿ ಉಜ್ಜತೊಡಗಿದಳು.

"ಗಂಗವ್ವಂದು ಎಸೀಬೇಕಲ್ಲ" ಎಂದೆ.

"ಅಯ್ಯೋ, ಅವಳಿಗೆ ಇಷ್ಟೊತ್ತಿಗೆ ಬಾಗ್ಲು ಅಭ್ಯಾಸ ಆಗಿರ್ತದೆ ಬುಡು. ಈಗ ಬಾ ಅಂದ್ರೂ ಬರಲ್ಲ" ಎಂದು ನಕ್ಕಳು. ಕೈ ಉಜ್ಜುತ್ತಲೇ ಇತ್ತು.

ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತನ್ನು ಆಗ ಕೇಳಿದೆ. ಅವಳ ಕೈ ನಿಂತಿತು. ಕೂದಲು ಸುಟ್ಟಂಥ ಆ ವಾಸನೆ ನಮ್ಮಿಬ್ಬರ ನಡುವೆ ಎದ್ದಿತ್ತು. ಅವಳು ನನ್ನ ಮುಖ ನೋಡಿದಳು, ಆಮೇಲೆ ನನ್ನ ಎಡತೋಳನ್ನು ಎಳೆದುಕೊಂಡು, ಮೊಣಕೈಗಿಂತ ಸ್ವಲ್ಪ ಮೇಲೆ, ಕಾದ ಬೀಜವನ್ನು ಒತ್ತಿ ಹಿಡಿದಳು. ಚುರ್ರೆಂದಿತು. ಈ ಸಲ ನಾನು ತೋಳನ್ನು ಎಳೆದುಕೊಳ್ಳಲಿಲ್ಲ. ಬೀಜ ತಣ್ಣಗಾಗುವವರೆಗೂ ಅವಳು ಒತ್ತಿಕೊಂಡೇ ಇದ್ದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, "ಕೈ ಕಾಲ್ ತೊಳ್ಕೋ, ಅವರೆಕಾಳಿನ ಸಾರು ಮಾಡ್ತೀನಿ" ಎಂದು ಒಳಗೆ ಹೋದಳು.

ಊಟವಾಯಿತು, ಮೊಮ್ಮಕ್ಕಳ ಸುದ್ದಿಯಾಯಿತು. ನಾನು ಊರಿಗೆ ಬಂದ ಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ನಾನು ಕೇಳಿದ್ದು ಅಲ್ಲೇ ಇದೆ: "ಲಲಿತಾ, ಆವತ್ತು ನಡುಮನೇಲಿ, ಲಲಿತಾ ಹೋಗ್ಲಿ, ಅವಳು ಗಟ್ಟಿಗಿತ್ತಿ ಅಂತ ಮೊದಲು ಅಂದಿದ್ದು ನಾನಾ?"